ಡಬಲ್ ಜೆಪರ್ಡಿ

ಹಳೆಯ ಫ್ರೆಂಚಿನಲ್ಲಿ ‘ಝು ಪಾರ್ತಿ’ ಎಂದರೆ ಸೋಲು ಗೆಲುವು ಎರಡಕ್ಕೂ ಸಮ ಅವಕಾಶವಿದ್ದ ಆಟ. ಅದೇ ಇಂಗ್ಲಿಷಿಗೆ ಬಂದು ‘ಜೆಪರ್ಡಿ’, ಅಂದರೆ ಗಂಡಾಂತರ ಆಯಿತು. ಒಂದೇ ಅಪರಾಧಕ್ಕೆ ಆ ಗಂಡಾಂತರ ಎರಡು ಸಲ ಬರುವುದೇ ಡಬಲ್ ಜೆಪರ್ಡಿ. ನಮ್ಮ ಸಂವಿಧಾನದ 20(2)ನೇ ವಿಧಿ ಇದನ್ನು ತಡೆಯುತ್ತದೆ.

ಸಂಸೆಯಂಥ ಕಾಡಂಚಿನ ಊರಿಗೆ ಈ ಮಾತು ದೂರದ್ದಲ್ಲ. ಪಕ್ಕದ ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿ ಮರ ಕಡಿದವನ ಮೇಲೆ ರಾಜ್ಯದ 1963ರ ಅರಣ್ಯ ಕಾಯ್ದೆ, ಕೇಂದ್ರದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಎರಡರಡಿಯೂ ಕೇಸು ಹಾಕಬಹುದು. ಆದರೆ ಒಂದೇ ಅಪರಾಧಕ್ಕೆ ಎರಡು ಶಿಕ್ಷೆ ಕೂಡದೆಂದು ವನ್ಯಜೀವಿ ಕಾಯ್ದೆಯ 56ನೇ ಕಲಮೇ ಹೇಳುತ್ತದೆ. ತೊಡಕಿರುವುದು ‘ಒಂದೇ’ ಎಂಬಲ್ಲಿ. ನದಿಯ ಮರಳನ್ನು ಅಕ್ರಮವಾಗಿ ತೆಗೆದವನ ಮೇಲೆ ಗಣಿ ಕಾಯ್ದೆಯ ಕೇಸಿನ ಜೊತೆಗೆ ಕಳ್ಳತನದ ಕೇಸೂ ನಿಲ್ಲುತ್ತದೆ, ಅವು ಬೇರೆ ಬೇರೆ ಅಪರಾಧಗಳು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ತೀರ್ಪಿತ್ತಿತು. ಅಮೆರಿಕದಲ್ಲಂತೂ ರಾಜ್ಯ ಮತ್ತು ಒಕ್ಕೂಟ ಎರಡೂ ಪ್ರತ್ಯೇಕ ಸಾರ್ವಭೌಮರು. ಒಂದೇ ಕೃತ್ಯಕ್ಕೆ ಇಬ್ಬರೂ ಶಿಕ್ಷಿಸಬಹುದೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2019ರ ಗ್ಯಾಂಬಲ್ ಪ್ರಕರಣದಲ್ಲಿ ಮತ್ತೆ ಎತ್ತಿಹಿಡಿಯಿತು. ನಮ್ಮ ನಿಯಮವೇ ಹೆಚ್ಚು ಮಾನವೀಯ ಎಂದು ನನ್ನ ಎಣಿಕೆ.

ಇನ್ನೊಂದು ಮಾತು: 20(2)ನೇ ವಿಧಿ ಕಾಯುವುದು ಶಿಕ್ಷೆಯಾದವನನ್ನು ಮಾತ್ರ. ಖುಲಾಸೆಯಾದವನನ್ನು ಮರುವಿಚಾರಣೆಯಿಂದ ಕಾಯುವುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 337ನೇ ಕಲಂ.