ಕಾಶಿ ನೋಡದ ಕಾಶಿ ಕಣಗಿಲೆ

ವಿಜಯವಾಡದ ಈ ಕಡೆಗೆ ಬಂದು ನೆಲೆಸಿ ಇಪ್ಪತ್ತಾರು ವರ್ಷವಾಯ್ತು. ಚಿತ್ರದುರ್ಗದ ಕಡೆಯವನಾದ ನನಗೆ ಬಿಸಿಲು ಹೊಸದೇನಲ್ಲ. ಆದ್ರೂ ಕೊಂಡಪಲ್ಲಿಯ ಮೇ ತಿಂಗಳು ಇದೆಯಲ್ಲ, ಅದು ಬೇರೆಯೇ! ಬೆಟ್ಟದ ಬುಡದ ಕಲ್ಲುಮಣ್ಣು, ನೀರಿಗೆ ತತ್ವಾರ. ಗುಲಾಬಿ, ಸೇವಂತಿಗೆ ಎಲ್ಲ ಸೊರಗಿ ಕೂತಾಗಲೂ ಕಾಂಪೌಂಡ್ ಗೋಡೆಯ ಬಿರುಕಿನಲ್ಲಿ ಅರಳಿ ನಿಲ್ಲೋದು ನಿತ್ಯಪುಷ್ಪ ಒಂದೇ.

ಇಲ್ಲಿಯವರು ಇದನ್ನ ಬಿಳ್ಳ ಗನ್ನೇರು ಅಂತಾರೆ. ಗನ್ನೇರು ಅಂದ್ರೆ ಕಣಗಿಲೆ. ನಮ್ಮಲ್ಲೂ ಇದಕ್ಕೆ ಕಾಶಿ ಕಣಗಿಲೆ ಅನ್ನೋ ಹೆಸರಿದೆ. ನೋಡಿ, ಎರಡೂ ಭಾಷೆಯ ಜನ ಹೊರಗಿಂದ ಬಂದ ಗಿಡವನ್ನ ಹಳೇ ಕಣಗಿಲೆಯ ನೆಂಟ ಅಂತ ಗುರುತು ಹಿಡಿದಿದ್ದಾರೆ. ಸಸ್ಯಶಾಸ್ತ್ರದವರ ಲೆಕ್ಕದಲ್ಲೂ ಎರಡೂ ಒಂದೇ ಕುಟುಂಬ, ಅಪೋಸೈನೇಸಿ. ಯಾವ ಪುಸ್ತಕ ಓದಿ ಹೆಸರಿಟ್ಟರೋ ನಮ್ಮ ಅಜ್ಜಿಯರು! ತಪ್ಪಿದ್ದು ಕಾಶಿ ಮಾತ್ರ. ಗಿಡದ ತವರು ಮಡಗಾಸ್ಕರ್. (ಈ ಕುಲದ 8 ಜಾತಿಗಳಲ್ಲಿ 7 ಅಲ್ಲಿಯವೇ. ಎಂಟನೆಯದು ನಮ್ಮ ದೇಶದ್ದು, ಸಣ್ಣ ಬಿಳಿ ಹೂವಿನ ಕಳೆ.) ತಮಿಳರು ಇದನ್ನ ನಿತ್ಯಕಲ್ಯಾಣಿ ಅಂತಲೂ ಕರೀತಾರೆ, ಸುಡುಕಾಟ್ಟು ಮಲ್ಲಿ, ಅಂದ್ರೆ ಸುಡುಗಾಡಿನ ಮಲ್ಲಿಗೆ ಅಂತಲೂ ಕರೀತಾರೆ. ಯಾರೂ ನೀರು ಹಾಕದ ಜಾಗದಲ್ಲೂ ಬದುಕುತ್ತಲ್ಲ, ಅದಕ್ಕೇ ಇರಬೇಕು.

1515-16ರ ಸುಮಾರಿಗೆ ಕೃಷ್ಣದೇವರಾಯ ಗಜಪತಿಗಳಿಂದ ಕೊಂಡಪಲ್ಲಿ ಕೋಟೆ ಗೆದ್ದು, ಮುಂದೆ ವಿಶಾಖಪಟ್ಟಣದ ಹತ್ತಿರದ ಸಿಂಹಾಚಲದವರೆಗೂ ಹೋದ. ಆ ದಂಡಿನ ಕನ್ನಡಿಗರು ಈ ಹೂವನ್ನ ಇಲ್ಲಿ ಕಂಡಿರಲಾರರು. ಯುರೋಪಿನ ತೋಟಗಳಿಗೇ ಇದು ಹಬ್ಬಿದ್ದು ಹದಿನೆಂಟನೇ ಶತಮಾನದಲ್ಲಿ. ಪ್ಯಾರಿಸ್ಸಿನಿಂದ ಬೀಜ ಲಂಡನ್ನಿನ ಚೆಲ್ಸಿ ತೋಟದ ಫಿಲಿಪ್ ಮಿಲ್ಲರ್ ಕೈಗೆ ಬಂತು. 1759ರಲ್ಲಿ ಲಿನೇಯಸ್ ವಿಂಕಾ ರೋಸಿಯಾ ಅಂತ ಹೆಸರಿಟ್ಟ. ಆಮೇಲೆ ಶಾಸ್ತ್ರದ ಹೆಸರು ಕ್ಯಾಥರಾಂಥಸ್ ಆಯ್ತು, ಆದ್ರೆ ನರ್ಸರಿಯವರು ಇವತ್ತಿಗೂ ವಿಂಕಾ ಅಂತಲೇ ಮಾರೋದು.

ಇದರ ದೊಡ್ಡ ಕತೆ ಶುರುವಾಗೋದು 1952ರಲ್ಲಿ. ಜಮೈಕಾದಲ್ಲಿ ಸಕ್ಕರೆ ಕಾಯಿಲೆಗೆ ಈ ಎಲೆಯ ಕಷಾಯ ಕುಡೀತಿದ್ದರು. ಅಲ್ಲಿಂದ ಒಬ್ಬ ರೋಗಿ 25 ಎಲೆಗಳನ್ನ ಲಕೋಟೆಯಲ್ಲಿಟ್ಟು ಕೆನಡಾದ ಡಾಕ್ಟರ್ ಕ್ಲಾರ್ಕ್ ನೋಬಲ್ ಅವರಿಗೆ ಕಳಿಸಿದರು. ಅವರು ಅದನ್ನ ತಮ್ಮನ ಹತ್ತಿರ, ಸಂಶೋಧಕ ರಾಬರ್ಟ್ ನೋಬಲ್ ಹತ್ತಿರ ದಾಟಿಸಿದರು. ಇಲಿಗಳಿಗೆ ಕೊಟ್ಟು ನೋಡಿದರೆ ಸಕ್ಕರೆ ಇಳಿಯಲೇ ಇಲ್ಲ! ಇಳಿದದ್ದು ಬಿಳಿ ರಕ್ತಕಣ. ಇಲಿಗಳು ಸೋಂಕು ತಗುಲಿ ಸತ್ತವು. ಬಿಳಿಕಣ ಇಳಿಸೋದಾದ್ರೆ ರಕ್ತದ ಕ್ಯಾನ್ಸರಿಗೆ ಯಾಕಾಗಬಾರದು ಅನ್ನೋದು ಅವರ ಯೋಚನೆ. ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಸೇರಿ ವಿನ್‌ಬ್ಲಾಸ್ಟಿನ್ ಬೇರ್ಪಡಿಸಿ 1958ರಲ್ಲಿ ಪ್ರಕಟಿಸಿದರು. ಎಲಿ ಲಿಲ್ಲಿ ಕಂಪನಿಯ ವಿಂಕ್ರಿಸ್ಟಿನ್‌ಗೆ 1963ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮಕ್ಕಳ ರಕ್ತದ ಕ್ಯಾನ್ಸರಿಗೆ ಇವತ್ತಿಗೂ ಕೊಡೋ ಮದ್ದುಗಳಲ್ಲಿ ಅದೂ ಒಂದು. ಎಲೆಯಲ್ಲಿ ಅದರ ಅಂಶ ಎಷ್ಟು ಕಮ್ಮಿ ಅಂದ್ರೆ, ಒಂದೆರಡು ಗ್ರಾಂ ತೆಗೆಯೋಕೂ ನೂರಾರು ಕಿಲೋ ಒಣ ಎಲೆ ಬೇಕು.

ಇಷ್ಟೆಲ್ಲ ಯಾಕೆ ಬರೆದೆ ಅಂದ್ರೆ, ನಮ್ಮ ಬೀದಿಯಲ್ಲಿ ಬೆಳಗಿನ ವಾಕಿಂಗ್ ಹೋಗೋ ಹಿರಿಯರೊಬ್ಬರು ಶುಗರ್‌ಗೆ ಅಂತ ದಿನಾ ಇದರ ನಾಲ್ಕೆಲೆ ಕಿತ್ತು ಅಗೀತಾರೆ. "ಏಮೀ ಕಾದು ಸಾರ್," ಏನೂ ಆಗಲ್ಲ ಅಂತ ನಗ್ತಾರೆ. ಕಹಿ ಅಂತ ಆಡು ಕೂಡ ಮುಟ್ಟದ ಎಲೆ ಅದು! ಆಸ್ಪತ್ರೆಯಲ್ಲಿ ಅಳೆದು ತೂಗಿ ರಕ್ತನಾಳಕ್ಕೆ ಕೊಡೋ ಮದ್ದಿನ ಗಿಡವನ್ನ ಹೀಗೆ ಬೇಕಾಬಿಟ್ಟಿ ತಿನ್ನೋದು ನನಗೆ ಸುತರಾಂ ಒಪ್ಪಿಗೆಯಿಲ್ಲ. ನೀವೂ ತಿನ್ನಬೇಡಿ, ಮನೇಲಿ ಯಾರಾದ್ರೂ ತಿಂತಿದ್ರೆ ಡಾಕ್ಟರಿಗೆ ಹೇಳಿ.

ಬೆಳೆಸೋದಾದ್ರೆ ಧಾರಾಳವಾಗಿ ಬೆಳೆಸಿ. ಪೂರ್ತಿ ಬಿಸಿಲು ಬೇಕು. ಬೀಜದ ಮೇಲೆ ತೆಳ್ಳಗೆ ಮಣ್ಣು ಮುಚ್ಚಿ, ಕತ್ತಲಲ್ಲಿ ಚೆನ್ನಾಗಿ ಮೊಳೆಯುತ್ತೆ. ಬೇರೂರಿದ ಮೇಲೆ ನೀರು ಮರೆತರೂ ಕೋಪ ಇಲ್ಲ, ನಿಂತರೇ ಕೋಪ. ನಮ್ಮಲ್ಲಿ ಪ್ರತಿ ಮಳೆಗಾಲ ಒಂದೆರಡು ಗಿಡ ಬುಡ ಕೊಳೆತು ಹೋಗುತ್ತವೆ. ಅಷ್ಟರಲ್ಲಿ ಕಾಯಿ ಒಡೆದು ಬೀಜ ಪಕ್ಕದ ಮನೆ ಅಂಗಳಕ್ಕೂ ಬಿದ್ದಿರುತ್ತೆ.