ಮನೆ ಬಿಟ್ಟವರು ಎಲ್ಲಿಗೆ ಹೋಗಬೇಕು?

ಬಾಗಲಕೋಟೆ-ಬೆಳಗಾವಿ ರಸ್ತೆಯ ಮೇಲಿನ ಲೋಕಾಪುರದಂಥ ಊರುಗಳಲ್ಲಿ ಬಾಡಿಗೆ ಮನೆಯ ಕರಾರು ಬಹುಪಾಲು ಬಾಯಿಮಾತಿನದು. ವರ್ಗವಾಗಿ ಬಂದ ಶಿಕ್ಷಕರು, ಬಸ್ ನಿರ್ವಾಹಕರು, ಹಳ್ಳಿ ಬಿಟ್ಟು ಬಂದ ಕೂಲಿಕಾರರು ಒಂದಿಷ್ಟು ಮುಂಗಡ ಕೊಟ್ಟು ಮನೆ ಹಿಡಿಯುತ್ತಾರೆ. ಎಲ್ಲ ಸರಿಯಿರುವವರೆಗೆ ಕಾಗದಪತ್ರದ ನೆನಪು ಯಾರಿಗೂ ಆಗುವುದಿಲ್ಲ. ಒಂದು ದಿನ ಮಾಲೀಕರು ಬಂದು, ‘ಮಗನ ಮದಿವಿ ಐತಿ, ಮನಿ ಖಾಲಿ ಮಾಡ್ರಿ’ ಎಂದಾಗ ಏಳುವ ಪ್ರಶ್ನೆ ಒಂದೇ: ಮುಂದೆ ಎಲ್ಲಿಗೆ?

ಈ ಪ್ರಶ್ನೆಯನ್ನು ಒಂದು ಕಾಲದಲ್ಲಿ ಕಾನೂನೂ ಕೇಳುತ್ತಿತ್ತು.

ಮುಂಬಯಿಯಿಂದ ಬಂದ ಕಾನೂನು

ಸ್ವಾತಂತ್ರ್ಯ ಬರುವಾಗ ಬಾಗಲಕೋಟೆ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಯಲ್ಲಿತ್ತು. ಮುಧೋಳ, ಜಮಖಂಡಿ ದೇಶೀ ಸಂಸ್ಥಾನಗಳಾಗಿದ್ದು, 1948ರಲ್ಲಿ ಮುಂಬಯಿಯೊಡನೆ ವಿಲೀನಗೊಂಡವು. ಬಾಡಿಗೆ ನಿಯಂತ್ರಣದ ಚಿಂತನೆಯೂ ಈ ಭಾಗಕ್ಕೆ ಮುಂಬಯಿಯಿಂದಲೇ ಬಂತು. ಮೊದಲನೆಯ ಮಹಾಯುದ್ಧದ ವೇಳೆ ಆ ನಗರದಲ್ಲಿ ಬಾಡಿಗೆ ವಿಪರೀತ ಏರಿದಾಗ 1918ರಲ್ಲಿ ತಾತ್ಕಾಲಿಕ ಕಾನೂನೊಂದು ಬಂದಿತ್ತು. ಎರಡನೆಯ ಯುದ್ಧದ ನಂತರ 1947ರ ವಿಸ್ತೃತ ಕಾಯ್ದೆಯೇ ಜಾರಿಯಾಯಿತು.

ಏಕೀಕರಣದ ನಂತರ 1961ರಲ್ಲಿ ಮೈಸೂರು ಬಾಡಿಗೆ ನಿಯಂತ್ರಣ ಕಾಯ್ದೆ ಬಂತು. ಅದು ಎಲ್ಲ ಹಳ್ಳಿಗಳಿಗೂ ಅನ್ವಯಿಸಲಿಲ್ಲ. ಪಟ್ಟಿಯಲ್ಲಿದ್ದ ಊರುಗಳಿಗಷ್ಟೇ ಸೀಮಿತವಾಗಿತ್ತು. ಬಾಡಿಗೆ ಬಾಕಿ, ಒಳಬಾಡಿಗೆ, ಮಾಲೀಕರ ಸ್ವಂತ ಅಗತ್ಯ ಮುಂತಾದ ನಿರ್ದಿಷ್ಟ ಕಾರಣಗಳಿಲ್ಲದೆ ಬಾಡಿಗೆದಾರರನ್ನು ಹೊರಹಾಕುವಂತಿರಲಿಲ್ಲ.

ಅದರ 21ನೆಯ ಕಲಮಿನಲ್ಲಿ ಒಂದು ವಿಶೇಷವಿತ್ತು. ಮಾಲೀಕರು ತಮ್ಮ ಅಗತ್ಯಕ್ಕೆ ಮನೆ ಕೇಳಿದರೆ, ಬಿಡಿಸಿದಾಗ ಬಾಡಿಗೆದಾರರಿಗೆ ಆಗುವ ಕಷ್ಟ ಹೆಚ್ಚೋ, ಬಿಡಿಸದಿದ್ದರೆ ಮಾಲೀಕರಿಗೆ ಆಗುವ ಕಷ್ಟ ಹೆಚ್ಚೋ ಎಂದು ನ್ಯಾಯಾಲಯ ತೂಗಬೇಕಿತ್ತು. ಇಬ್ಬರಲ್ಲಿ ಯಾರಿಗಾದರೂ ಬೇರೆ ಯೋಗ್ಯ ಮನೆ ಸಿಗುವಂತಿದೆಯೇ ಎಂಬುದನ್ನೂ ನೋಡಬೇಕಿತ್ತು. ಮುಂಬಯಿಯ 1947ರ ಕಾಯ್ದೆಯಲ್ಲೂ ಇಂಥದೇ ವಿಧಿಯಿತ್ತು.

ತಕ್ಕಡಿ ಬದಲಾಯಿತು

ಈ ರಕ್ಷಣೆಗೆ ಇನ್ನೊಂದು ಮುಖವೂ ಇತ್ತು. ಬಾಡಿಗೆ ಏರದೆ ನಿಂತಿತು. ಒಮ್ಮೆ ಒಳಗೆ ಬಂದವರನ್ನು ಬಿಡಿಸುವುದು ವರ್ಷಗಟ್ಟಲೆಯ ವ್ಯಾಜ್ಯವಾಯಿತು. ಬೀಗ ಹಾಕಿ ಇಟ್ಟರೂ ಸರಿ, ಬಾಡಿಗೆಗೆ ಕೊಡುವುದು ಬೇಡ ಎನ್ನುವ ಮಾಲೀಕರು ಹೆಚ್ಚಿದರು. ಹಳೆಯ ಬಾಡಿಗೆದಾರರು ಉಳಿದರು. ಹೊಸಬರಿಗೆ ಮನೆ ಸಿಗುವುದು ಕಷ್ಟವಾಯಿತು.

ಕರ್ನಾಟಕ ಬಾಡಿಗೆ ಕಾಯ್ದೆ, 1999, ಬಂದದ್ದು ಈ ಹಿನ್ನೆಲೆಯಲ್ಲಿ. 2001ರ ಡಿಸೆಂಬರ್ 31ರಂದು ಜಾರಿಯಾದ ಈ ಕಾಯ್ದೆ, ಮಾಲೀಕರಿಗೆ ಬೇರೆ ಯೋಗ್ಯ ಮನೆ ಇದೆಯೇ ಎಂದು ಕೇಳುತ್ತದೆ. ಬಾಡಿಗೆದಾರರ ಕಷ್ಟವನ್ನು ಎದುರಿಟ್ಟು ತೂಗುವ ಹಳೆಯ ವಿಧಿ ಅದರಲ್ಲಿಲ್ಲ. ಅಲ್ಲದೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳು ಕಾಯ್ದೆಯಿಂದ ಹೊರಗುಳಿದವು. ಅಂಥ ಮನೆಗಳಿಗೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ಗತಿ. ಬೇರೆ ಕರಾರಿಲ್ಲದಿದ್ದರೆ ತಿಂಗಳ ಬಾಡಿಗೆಗೆ 15 ದಿನಗಳ ನೋಟಿಸು ಸಾಕು.

ಆ 15 ದಿನಗಳಲ್ಲಿ ಹೊಸ ಮನೆ ಹುಡುಕಬೇಕು. ಹಳೆಯ ಮುಂಗಡ ಕೈಸೇರುವ ಮೊದಲೇ ಹೊಸ ಮುಂಗಡ ಹೊಂದಿಸಬೇಕು. ‘ಆ ಮನಿ ಯಾಕ ಬಿಟ್ರಿ?’ ಎಂಬ ಪ್ರಶ್ನೆಗೆ ಉತ್ತರಿಸಬೇಕು. ಅಮೆರಿಕದ ಮಿಲ್ವಾಕಿ ನಗರದ ಬಡ ಬಾಡಿಗೆದಾರರ ಕುರಿತು ಸಮಾಜಶಾಸ್ತ್ರಜ್ಞ ಮ್ಯಾಥ್ಯೂ ಡೆಸ್ಮಂಡ್ 2016ರಲ್ಲಿ ಪ್ರಕಟಿಸಿದ ಪುಸ್ತಕ ತೋರಿಸಿದ್ದೂ ಇದನ್ನೇ. ಒಮ್ಮೆ ಹೊರಹಾಕಿಸಿಕೊಂಡ ದಾಖಲೆ ಮುಂದಿನ ಮನೆಯ ಬಾಗಿಲನ್ನೂ ಮುಚ್ಚುತ್ತದೆ. ಅಲ್ಲಿ ನ್ಯಾಯಾಲಯದ ಕಡತ ಮಾಡುವ ಕೆಲಸವನ್ನು ನಮ್ಮ ಊರುಗಳಲ್ಲಿ ಓಣಿಯ ಮಾತು ಮಾಡುತ್ತದೆ.

ರಬಕವಿ-ಬನಹಟ್ಟಿಯ ನೇಕಾರರ ಪಾಲಿಗೆ ನಷ್ಟ ಇನ್ನೂ ದೊಡ್ಡದು. ಕುಣಿಮಗ್ಗಕ್ಕೆ ಮನೆಯ ನೆಲವನ್ನೇ ಅಗೆದಿರಬೇಕು. ಬಾಡಿಗೆ ಮನೆಯಲ್ಲಿ ನೇಯುವವರು ಮನೆ ಬಿಟ್ಟರೆಂದರೆ ಕೆಲಸದ ಜಾಗವನ್ನೂ ಬಿಟ್ಟಂತೆ. ಮಗ್ಗ ಹೂಡಲು ಒಪ್ಪುವ ಇನ್ನೊಬ್ಬ ಮಾಲೀಕರು ಸಿಗುವವರೆಗೆ ದುಡಿಮೆಯೂ ಇಲ್ಲ.

ನೀರು ಬಂದಾಗ

ಮಾಲೀಕರೂ ಬಾಡಿಗೆದಾರರೂ ಒಟ್ಟಿಗೇ ಎದ್ದು ಹೋಗಬೇಕಾದ ಸಂದರ್ಭವನ್ನೂ ಈ ಜಿಲ್ಲೆ ಕಂಡಿದೆ. 1964ರಲ್ಲಿ ಶಂಕುಸ್ಥಾಪನೆಯಾದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಹಳೆಯ ಬಾಗಲಕೋಟೆಯ ಭಾಗಗಳನ್ನು ಮುಳುಗಿಸಿತು, ನವನಗರ ಎದ್ದಿತು. ಆಗ ಜಾರಿಯಲ್ಲಿದ್ದುದು 1894ರ ಭೂಸ್ವಾಧೀನ ಕಾಯ್ದೆ. ಅದರ ಲೆಕ್ಕ ಬಹುಪಾಲು ಆಸ್ತಿಯ ಲೆಕ್ಕ. ಗೋಡೆಗೆ, ಛಾವಣಿಗೆ, ಜಾಗಕ್ಕೆ ಬೆಲೆ ಕಟ್ಟಬಹುದು. ಇನ್ನೊಬ್ಬರ ಗೋಡೆಯೊಳಗೆ 20 ವರ್ಷ ಬಾಳಿದ್ದಕ್ಕೆ ಬೆಲೆ ಕಟ್ಟುವ ಅಂಕಣವೇ ಅದರಲ್ಲಿರಲಿಲ್ಲ.

ಆ ಕೊರತೆಯನ್ನು ಕಾನೂನು ಗುರುತಿಸಿದ್ದು 2013ರಲ್ಲಿ. ಆ ವರ್ಷದ ಹೊಸ ಭೂಸ್ವಾಧೀನ ಕಾಯ್ದೆ, ನಗರ ಪ್ರದೇಶದ ಜಾಗದಲ್ಲಿ ಸ್ವಾಧೀನಕ್ಕೆ ಮೊದಲು ಮೂರು ವರ್ಷ ವಾಸವಿದ್ದ ಕುಟುಂಬವನ್ನೂ ಸಂತ್ರಸ್ತ ಕುಟುಂಬವೆಂದು ಕರೆಯಿತು. ಸ್ವಂತ ನಿವೇಶನವಿಲ್ಲದೆ, ಅಲ್ಲಿ ಸತತ ಮೂರು ವರ್ಷ ವಾಸವಿದ್ದು ಎಬ್ಬಿಸಲ್ಪಟ್ಟವರಿಗೂ ವಸತಿ ಸೌಲಭ್ಯ ವಿಸ್ತರಿಸಿತು.

ಆದರೆ ಮೂರು ವರ್ಷ ವಾಸವಿದ್ದುದಕ್ಕೆ ಪುರಾವೆ ಬೇಕಲ್ಲ? ಬಾಡಿಗೆ ಚೀಟಿ, ಕರಾರುಪತ್ರ, ಆ ವಿಳಾಸದ ಪಡಿತರ ಚೀಟಿ, ಮತದಾರರ ಪಟ್ಟಿಯಲ್ಲಿನ ಹೆಸರು, ಇವು ಇದ್ದವರ ಮಾತಿಗೆ ಬಲ. ಬಾಯಿಮಾತಿನ ಮೇಲೆ ಮನೆ ಹಿಡಿದವರ ಬಳಿ ಇರುವುದು ಬೀಗದ ಕೈ ಒಂದೇ. ಮನೆ ಬಿಡುವ ದಿನ ಅದನ್ನೂ ಮಾಲೀಕರಿಗೆ ಒಪ್ಪಿಸಬೇಕು.