ಬಡ್ಡಿ ಇಲ್ಲದ ಠೇವಣಿ: ಲಾಭ ಹಂಚಿಕೆ ಲೆಕ್ಕ ಹೇಗೆ? ದುಡ್ಡಿಗೆ ಖಾತರಿ ಯಾರು?

2019ರ ಜೂನ್‌ನಲ್ಲಿ ಬೆಂಗಳೂರು ಶಿವಾಜಿನಗರದ ಐಎಂಎ ಕಚೇರಿ ಮುಂದೆ ಸಾವಿರಾರು ಜನ ಸೇರಿದ್ದರು. ಬಡ್ಡಿ ಬೇಡ, ಹಲಾಲ್ ಲಾಭ ಸಾಕು ಎಂದು ಹಣ ಹಾಕಿದ್ದವರೇ ಅವರಲ್ಲಿ ಹೆಚ್ಚು. ಸಂಸ್ಥೆಯ ಮುಖ್ಯಸ್ಥ ಮೊಹಮ್ಮದ್ ಮನ್ಸೂರ್ ಖಾನ್ ಅಷ್ಟರಲ್ಲಿ ದುಬೈ ಸೇರಿದ್ದರು. ಜುಲೈ 19ರಂದು ದೆಹಲಿಯಲ್ಲಿ ಅವರ ಬಂಧನವಾಯಿತು. ದೂರುಗಳ ಸಂಖ್ಯೆ 40 ಸಾವಿರ ದಾಟಿತ್ತು.

ಹಾಗಾದರೆ ಲಾಭ ಹಂಚಿಕೆ ಠೇವಣಿ ಎಂದರೇನು?

ಇಸ್ಲಾಂನಲ್ಲಿ ಬಡ್ಡಿ, ಅಂದರೆ 'ರಿಬಾ' ನಿಷಿದ್ಧ. ಅದರ ಬದಲಿಗೆ ಇರುವುದು 'ಮುದಾರಬಾ'. ಒಬ್ಬರದು ಹಣ, ಇನ್ನೊಬ್ಬರದು ದುಡಿಮೆ. ನಾಸಿಕ್ ಜಿಲ್ಲೆಯ ಮಾಲೆಗಾಂವ್ ಪವರ್‌ಲೂಮ್‌ಗಳ ಊರು. ಅಲ್ಲಿನ ಒಬ್ಬ ಮಾಲೀಕರಿಗೆ ನೀವು 60:40 ಒಪ್ಪಂದದಲ್ಲಿ 1 ಲಕ್ಷ ರೂ. ಕೊಟ್ಟಿರಿ ಎಂದುಕೊಳ್ಳಿ. 10 ಸಾವಿರ ಲಾಭ ಬಂದರೆ ನಿಮಗೆ 6 ಸಾವಿರ, ಅವರಿಗೆ 4 ಸಾವಿರ. ನಷ್ಟವಾದರೆ? ಹಣದ ನಷ್ಟ ಪೂರ್ತಿ ನಿಮ್ಮದೇ, ಅವರ ದುಡಿಮೆ ವ್ಯರ್ಥ. ಅವರ ವಂಚನೆ ಅಥವಾ ನಿರ್ಲಕ್ಷ್ಯದಿಂದ ಆದ ನಷ್ಟಕ್ಕೆ ಮಾತ್ರ ಅವರೇ ಹೊಣೆ.

ಮೊದಲೇ ನಿಗದಿಯಾಗುವುದು ಪಾಲು ಮಾತ್ರ, ಮೊತ್ತವಲ್ಲ. ತಿಂಗಳಿಗೆ ಇಷ್ಟು ಕೊಟ್ಟೇ ಕೊಡುತ್ತೇವೆ ಎಂದವರು ಹೇಳುತ್ತಿರುವುದು ಮುದಾರಬಾ ಅಲ್ಲವೇ ಅಲ್ಲ. ಹೆಸರು ಬದಲಿಸಿದ ಬಡ್ಡಿ, ಇಲ್ಲವೇ ಮೋಸ. ಐಎಂಎ ಹೂಡಿಕೆದಾರರಿಗೆ ತೋರಿಸಿದ್ದು ತಿಂಗಳಿಗೆ ಶೇ 2.5ರಿಂದ 3ರ ಆಸೆ!

ವಿದೇಶದಲ್ಲಿ ಪರಿಸ್ಥಿತಿ ಬೇರೆ. ದುಬೈ ಇಸ್ಲಾಮಿಕ್ ಬ್ಯಾಂಕ್ 1975ರಲ್ಲೇ ಶುರುವಾಯಿತು. ಮಲೇಷ್ಯಾದಲ್ಲಿ 2013ರ ಕಾಯ್ದೆ ಇಸ್ಲಾಮಿಕ್ ಠೇವಣಿಯನ್ನೂ ಹೂಡಿಕೆ ಖಾತೆಯನ್ನೂ ಬೇರ್ಪಡಿಸಿದೆ: ಠೇವಣಿಗೆ ವಿಮೆ ಉಂಟು, ಹೂಡಿಕೆ ಖಾತೆಗೆ ಇಲ್ಲ. ತಮಾಷೆಯೆಂದರೆ, ಅಲ್ಲಿನ ಇಸ್ಲಾಮಿಕ್ ಬ್ಯಾಂಕ್‌ಗಳ ಲಾಭದ ದರವೂ ಬಹುತೇಕ ಪೇಟೆಯ ಬಡ್ಡಿದರದ ಜೊತೆಗೇ ಏರಿಳಿಯುತ್ತದೆ. ಪಕ್ಕದ ಬ್ಯಾಂಕ್ ಹೆಚ್ಚು ಕೊಟ್ಟರೆ ಗ್ರಾಹಕ ಅತ್ತ ಹೋಗುತ್ತಾನಲ್ಲ.

ಭಾರತದಲ್ಲಿ ಏಕಿಲ್ಲ?

1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆ ಬ್ಯಾಂಕ್‌ಗಳು ಸರಕು ವ್ಯಾಪಾರ ಮಾಡುವುದನ್ನು ತಡೆಯುತ್ತದೆ; ಠೇವಣಿ ಎಂದರೆ ಮರಳಿಸಲೇಬೇಕಾದ ಹಣ. ನಷ್ಟವನ್ನು ಗ್ರಾಹಕನ ಮೇಲೆ ಹಾಕುವಂತಿಲ್ಲ. ಆರ್‌ಬಿಐನ ದೀಪಕ್ ಮೊಹಂತಿ ಸಮಿತಿ 2015ರಲ್ಲಿ ಬಡ್ಡಿರಹಿತ ವಿಭಾಗ ತೆರೆಯಲು ಶಿಫಾರಸು ಮಾಡಿತ್ತು. ಆದರೆ ಪ್ರಸ್ತಾವ ಕೈಬಿಟ್ಟಿರುವುದಾಗಿ 2017ರಲ್ಲಿ ಆರ್‌ಬಿಐ ಮಾಹಿತಿ ಹಕ್ಕು ಅರ್ಜಿಯೊಂದಕ್ಕೆ ಉತ್ತರಿಸಿತು. ಈ ನಡುವೆ 2016ರಲ್ಲಿ, ಕನ್ನಡಿಗರೂ ಸಾಕಷ್ಟಿರುವ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ಲೋಕಮಂಗಲ ಸಹಕಾರಿ ಬ್ಯಾಂಕ್ ಬಡ್ಡಿರಹಿತ ಸೇವೆ ಆರಂಭಿಸಿ ಸುದ್ದಿಯಾಗಿತ್ತು.

ಹಣ ಮುಳುಗಿದರೆ?

ಬ್ಯಾಂಕ್ ಠೇವಣಿಗೆ 2020ರ ಫೆಬ್ರವರಿಯಿಂದ 5 ಲಕ್ಷ ರೂ.ವರೆಗೆ ವಿಮೆ ಇದೆ. ಖಾಸಗಿ 'ಹಲಾಲ್ ಹೂಡಿಕೆ'ಗೆ ಅದು ಅನ್ವಯಿಸದು. ಐಎಂಎ ಹೂಡಿಕೆದಾರರನ್ನು ಎಲ್‌ಎಲ್‌ಪಿ ಪಾಲುದಾರರೆಂದು ತೋರಿಸಿತ್ತು. ಸಹಿ ಹಾಕುವಾಗ ಹೆಚ್ಚಿನವರು ಇದನ್ನು ಗಮನಿಸಿರಲಿಕ್ಕಿಲ್ಲ. ಪಾಲುದಾರನಿಗೆ ನಷ್ಟದಲ್ಲೂ ಪಾಲು!

ಇಂಥ ಪ್ರಕರಣಗಳಲ್ಲಿ ನೆರವಿಗೆ ಬರುವುದು ರಾಜ್ಯದ ಠೇವಣಿದಾರರ ಹಿತರಕ್ಷಣಾ ಕಾಯ್ದೆ. ಕರ್ನಾಟಕದಲ್ಲಿ 2004ರ ಕೆಪಿಐಡಿ, ಮಹಾರಾಷ್ಟ್ರದಲ್ಲಿ 1999ರ ಎಂಪಿಐಡಿ. ನಾಸಿಕ್ ಇರಲಿ, ಛತ್ರಪತಿ ಸಂಭಾಜಿನಗರ ಇರಲಿ, ದೂರನ್ನು ಪೊಲೀಸರಿಗೆ ಕೊಡಬೇಕು. ಜಪ್ತಿಯಾದ ಆಸ್ತಿ ಮಾರಿ ಬಂದ ಹಣವನ್ನು ವಿಶೇಷ ನ್ಯಾಯಾಲಯದ ಆದೇಶದಂತೆ ಹಂಚಲಾಗುತ್ತದೆ. ರಸೀದಿ, ಒಪ್ಪಂದ ಪತ್ರ, ಬ್ಯಾಂಕ್ ವರ್ಗಾವಣೆಯ ದಾಖಲೆ ಜೋಪಾನವಾಗಿಡಿ.